ಅಯ್ಯಮ್ಮನ ಹತ್ತು ಗಂಟೆ ಹೂವು

ಸಿಂಧನೂರಿನಿಂದ ಮಸ್ಕಿ ಮಾರ್ಗವಾಗಿ ಲಿಂಗಸುಗೂರಿಗೆ ಹೋಗುವ ಸರಕಾರಿ ಬಸ್ಸಿನ ಕಂಡಕ್ಟರ್ ಅಯ್ಯಮ್ಮ ಒಮ್ಮೆ ದನಿ ಎತ್ತಿದರೆ ಕೊನೆಯ ಸೀಟಿನವರೂ ಕಾಲು ಸರಿಸಿ ದಾರಿ ಬಿಡುತ್ತಾರೆ. ಮಸ್ಕಿ ಹತ್ತಿರದ ಹಳ್ಳಿಯಲ್ಲಿ ತಾಯಿಯೊಂದಿಗೆ ಹತ್ತಿ ಹೊಲದ ಕಳೆ ಕೀಳುತ್ತಲೇ ಪಿಯುಸಿ ಮುಗಿಸಿದವಳು ಅವಳು. ನೌಕರಿ ಸಿಕ್ಕಾಗ, "ಇಷ್ಟು ಗದ್ದಲದಾಗ ಹೆಣ್ಮಗಳು ಹೆಂಗ ನಿಂದರ್ತಾಳ" ಎಂದವರೇ ಈಗ ಅವಳ ಬಸ್ಸಿಗಾಗಿ ಕಾಯುತ್ತಾರೆ. ಮುದುಕರು ಇಳಿದು ರಸ್ತೆಯ ಬದಿ ಸೇರುವವರೆಗೂ ಅವಳು ಸೀಟಿ ಊದುವುದಿಲ್ಲ.

ಹತ್ತು ಗಂಟೆ ಹೂವು ಅವಳಿಗೆ ಸಿಕ್ಕಿದ್ದು ಬಳಗಾನೂರಿನ ಇಮಾಮ್‌ಬೀಯಿಂದ. ಬಳೆ ಮಾರುವ ಆ ಮುದುಕಿಯ ಪೆಟ್ಟಿಗೆಯನ್ನು ಅಯ್ಯಮ್ಮ ಒಂದು ದಿನ ಬಸ್ಸಿನಿಂದ ಇಳಿಸಿಕೊಟ್ಟಳು. ಇಮಾಮ್‌ಬೀ ಸೆರಗಿನ ಗಂಟಿನಿಂದ ಬಾಡಿದ ಕಡ್ಡಿಯೊಂದನ್ನು ತೆಗೆದಳು.

"ಮಣ್ಣಾಗ ಚುಚ್ಚವ್ವ. ನೀರು ಮರ್ತರೂ ಸಾಯೂದಿಲ್ಲ ಇದು."

ಸಿಂಧನೂರಿನ ಮನೆಯಲ್ಲಿ, ತೂತು ಬಿದ್ದ ಕೊಡಕ್ಕೆ ಮಣ್ಣು ತುಂಬಿ ಅಯ್ಯಮ್ಮ ಅದನ್ನು ಚುಚ್ಚಿದಳು. ನೋಡನೋಡುತ್ತಲೇ ಕಡ್ಡಿ ಚಿಗುರಿ ಕೊಡದಾಚೆ ಇಳಿಬಿತ್ತು. ಆದರೆ ಅದರ ಗುಣವೇ ಬೇರೆ. ಬಿಸಿಲೇರಿದ ಮೇಲೆ ಅರಳುತ್ತದೆ, ಬಿಸಿಲು ಇಳಿಯುವ ಮೊದಲೇ ಮುದುಡುತ್ತದೆ. ಅಯ್ಯಮ್ಮ ನಸುಕಿಗೆ ಹೊರಟು ಕತ್ತಲಾದ ಮೇಲೆ ಬರುವವಳು.

"ಇವತ್ತು ಕೊಡ ಕಾಣಲಾರದಂಗ ಅರಳಿದ್ವು ನೋಡು, ಕೆಂಪು ಅಂದ್ರ ಕೆಂಪು. ನೀ ಇರಬೇಕಿತ್ತು" ಎಂದು ಅತ್ತೆ ಕಲ್ಯಾಣಮ್ಮ ದಿನಾ ಹೇಳುವಳು.

ವಾರದ ರಜೆಯಲ್ಲಿ ಒಮ್ಮೆ ಕಂಡರೆ ಅವಳಿಗೆ ಸಾಲದಾಯಿತು. ಹೂವು ಅರಳುವ ಹೊತ್ತಿಗೆ ತನ್ನ ಬಸ್ಸು ಎಲ್ಲಿರುತ್ತದೆ ಎಂದು ಯೋಚಿಸಿದಳು: ಮಸ್ಕಿ ನಿಲ್ದಾಣದಲ್ಲಿ, ಚಹಾಕ್ಕೆ ನಿಂತಿರುತ್ತದೆ. ಡ್ರೈವರ್ ಇಶ್ತಿಯಾಕ್‌ಗೆ ಹೇಳಿದಳು. ಅವನು ನಕ್ಕರೂ ಮರುದಿನವೇ ಸವೆದ ಟೈರೊಂದನ್ನು ತಂದು ನಿಲ್ದಾಣದ ಮೂಲೆಗೆ ಉರುಳಿಸಿದ. ಕೊಡದ ಬಳ್ಳಿಯಿಂದ ಮುರಿದ ಕಡ್ಡಿಗಳು ಅದರಲ್ಲಿ ನೆಲೆಯೂರಿದವು. ಆಮೇಲೆ ದಿನವೂ ಚಹಾದ ಲೋಟ ಹಿಡಿದು ಹೂವಿನೆದುರು ನಿಲ್ಲುವುದು ಅವಳ ಸುಖವಾಯಿತು. ಬೆನ್ನು ಸುಡುವ ಬಿಸಿಲಿನಲ್ಲಿ ಆ ಹೂವುಗಳು ಮಾತ್ರ ಈಗಷ್ಟೇ ಮುಖ ತೊಳೆದಂತೆ ಇರುತ್ತಿದ್ದವು.

ಒಂದು ಬೆಳಿಗ್ಗೆ ನೋಡಿದರೆ ಟೈರಿಲ್ಲ. ಗೋಡೆ ಕಟ್ಟಲು ಬಂದ ಕೂಲಿಗಳು ಕಳೆಯೆಂದುಕೊಂಡು ಎಲ್ಲವನ್ನೂ ಕಿತ್ತು ಎಸೆದಿದ್ದರು. ಅಂದು ಅಯ್ಯಮ್ಮ ಚಹಾ ಕುಡಿಯದೆಯೇ ಬಸ್ಸು ಹತ್ತಿದಳು.

ವಾರ ಕಳೆದಿರಬೇಕು. ಮಸ್ಕಿಯಲ್ಲಿ ಇಶ್ತಿಯಾಕ್ ಅವಳನ್ನು ಕೂಗಿ ಕರೆದ. "ಅಕ್ಕಾ, ಇಲ್ಲಿ ಬಂದು ನೋಡು."

ಗೋಡೆಯ ಹಿಂದೆ ಇಟ್ಟಿಗೆ ಚೂರುಗಳ ಗುಡ್ಡೆ. ಅದರ ಮೇಲೆ ಬೇರು ಮೇಲಾಗಿ ಬಿದ್ದ ಬಳ್ಳಿ. ನೀರಿಲ್ಲ, ನೆರಳಿಲ್ಲ, ಅಷ್ಟರಲ್ಲೇ ನಾಲ್ಕಾರು ಹೂವು ಬಿಟ್ಟಿತ್ತು. ಅಯ್ಯಮ್ಮ ಕುಕ್ಕರುಗಾಲಿನಲ್ಲಿ ಕೂತು ಅದನ್ನು ಮುಟ್ಟಿದಳು. ಕಣ್ಣು ತುಂಬಿದ್ದು ಇಶ್ತಿಯಾಕ್‌ಗೆ ಕಾಣದಿರಲೆಂದು ತಲೆ ಎತ್ತಲಿಲ್ಲ. "ಒಂದು ಚೀಲ ಕೊಡು ಭಾಯಿ" ಎಂದಳಷ್ಟೆ.

ಚೀಲದೊಂದಿಗೆ ಬಸ್ಸು ಹತ್ತಿದಾಗ ಮುಂದಿನ ಸೀಟಿನಲ್ಲಿ ನಂದಿನಿ ಇದ್ದಳು. ಲಿಂಗಸುಗೂರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ಆಕೆ ದಿನದ ಪ್ರಯಾಣಿಕಳು.

"ಮೇಡಂ, ಒಬ್ಬರು ಹತ್ತು ಗಂಟಿ ಹೂವು ಅಂತಾರ, ಒಬ್ಬರು ಟೇಬಲ್ ರೋಸ್ ಅಂತಾರ. ಇದರ ಖರೇ ಹೆಸರೇನ್ರಿ?"

"ಪೋರ್ಚುಲಾಕ" ಎಂದಳು ನಂದಿನಿ. ಬಳ್ಳಿಯಲ್ಲಿದ್ದ ಒಣಗಿದ ಕಾಯೊಂದನ್ನು ಉಗುರಿನಿಂದ ಒತ್ತಿದಳು. ಅದರ ತಲೆ ಪುಟ್ಟ ಮುಚ್ಚಳದಂತೆ ಕಳಚಿತು. ಒಳಗೆ ಸಾಸಿವೆಗಿಂತ ಸಣ್ಣ ಬೀಜ. "ನೋಡ್ರಿ, ಬಾಗ್ಲಾ ತೆರದಂಗ ಇಲ್ಲೇನು? ಲ್ಯಾಟಿನ್ ಭಾಷಾದಾಗ ಸಣ್ಣ ಬಾಗ್ಲಾ ಅನ್ನೋ ಮಾತಿನಿಂದ ಈ ಹೆಸರು ಬಂತು ಅಂತಾರ. ನಮ್ಮ ಗೋಣಿ ಪಲ್ಯನೂ ಇದೇ ಕುಲದ್ದು."

ಅಯ್ಯಮ್ಮ ನಕ್ಕುಬಿಟ್ಟಳು. "ಅಯ್ಯ, ಅದನ್ನ ಹೊಲದಾಗ ಎಷ್ಟು ಕಿತ್ತೀನ್ರಿ ನಾನು. ಕಿತ್ತು ಬದುವಿನ ಮ್ಯಾಲ ಒಗದ್ರೂ ಅಲ್ಲೇ ಚಿಗೀತಿತ್ತು."

"ಎಲಿ, ಕಾಂಡದಾಗ ನೀರು ಕೂಡಿಟ್ಟಿರ್ತದ. ಅದಕ್ಕ ಇಷ್ಟು ಗಟ್ಟಿ."

ಅಂದು ಟಿಕೆಟ್ ಕೊಟ್ಟ ಕೈಯಲ್ಲೇ ಅಯ್ಯಮ್ಮ ಪ್ರಯಾಣಿಕರಿಗೆ ಕಡ್ಡಿಯನ್ನೂ ಕೊಟ್ಟಳು. ಬೇಡವೆಂದವರು ಕಡಿಮೆ. ಮಳೆಗಾಲ ಮುಗಿಯುವ ಹೊತ್ತಿಗೆ ಆ ರಸ್ತೆಯ ಚಹಾದಂಗಡಿ, ಪಂಚರ್ ಅಂಗಡಿ, ಶಾಲೆಯ ಕಟ್ಟೆಗಳಲ್ಲಿ ಕೆಂಪು, ಹಳದಿ, ಬಿಳಿ ಕಾಣತೊಡಗಿತು. ಬೇರೆ ಬಣ್ಣದ ಕಡ್ಡಿಗಳನ್ನು ಜನರೇ ತಂದು ಬೆರೆಸಿದ್ದರು.

ಕಾಲುವೆ ಸೇತುವೆಯ ಬಳಿ ನಾಟಿ ಕೆಲಸದ ಹೆಂಗಸರು ಇಳಿಯುವ ಜಾಗವೊಂದಿದೆ. ಅದಕ್ಕೊಂದು ಹೆಸರಿರಲಿಲ್ಲ. ಅಲ್ಲಿನ ಕಲ್ಲುಕಟ್ಟೆಯ ಸುತ್ತ ಆ ಹೆಂಗಸರು ಕಡ್ಡಿ ಚುಚ್ಚಿದರು. ಒಂದು ದಿನ ಹೊಸ ಪ್ರಯಾಣಿಕನೊಬ್ಬ ಬಸ್ಸು ಹತ್ತಿ, "ಹೂವಿನ ಕಟ್ಟಿಗೆ ಒಂದು ಟಿಕೆಟ್ ಕೊಡ್ರಿ" ಎಂದ. ಅಯ್ಯಮ್ಮ ಅರೆಗಳಿಗೆ ಅವನ ಮುಖ ನೋಡಿದಳು, ಟಿಕೆಟ್ ಹರಿದುಕೊಟ್ಟಳು. ಸೇತುವೆ ಹತ್ತಿರವಾದಾಗ ಬಾಗಿಲ ಕಂಬಿ ಹಿಡಿದು ಗಟ್ಟಿಯಾಗಿ ಕೂಗಿದಳು:

"ಹೂವಿನ ಕಟ್ಟಿ ಇಳಿಯವರು ಮುಂದ ಬರ್ರಿ."