ಅಕ್ಕನ ಸರದಿ

ದೆವ್ವ, ಆತ್ಮ ಎಂದವರನ್ನು ಕಂಡರೆ ನಗುತ್ತಿದ್ದವನು ನಾನು. "ಮತ್ತೊಮ್ಮೆ ಕಂಡ್ರ ಕರ್ಕೊಂಡು ಬಾ, ಚಹಾ ಕುಡಸ್ತೀನಿ" ಎಂದು ಹಂಗಿಸುತ್ತಿದ್ದೆ. ಈಗ ನಗುವುದಿಲ್ಲ. ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ಹೇಳುತ್ತೇನೆ, ನೀವೇ ನೋಡಿ.

ಎಂಬತ್ತರ ದಶಕದ ಕೊನೆ. ಮಸ್ಕಿಯಲ್ಲಿ ನಮ್ಮದು ಬಟ್ಟೆ ಅಂಗಡಿ. ಹೈದರಾಬಾದಿನಲ್ಲಿದ್ದ ಸೋದರಮಾವ ಇಂಗ್ಲೆಂಡಿನ ಪುಟ್ಟ ಕಂಪ್ಯೂಟರೊಂದನ್ನು ತಂದುಕೊಟ್ಟಿದ್ದ. ಸ್ಪೆಕ್ಟ್ರಮ್ ಅಂತ ಹೆಸರು. ರಬ್ಬರಿನ ಗುಂಡಿಗಳು, ಟಿವಿಗೆ ಹಚ್ಚಬೇಕು. ಆಟಗಳೆಲ್ಲ ಹಾಡಿನ ಕ್ಯಾಸೆಟ್ಟಿನಂಥವೇ ಕ್ಯಾಸೆಟ್ಟುಗಳಲ್ಲಿ. ಟೇಪ್ ರೆಕಾರ್ಡರಿನಿಂದ ವೈರು ಎಳೆದು ಓಡಿಸಿದರೆ ಟಿವಿಯ ಅಂಚಿನಲ್ಲಿ ಬಣ್ಣದ ಪಟ್ಟಿಗಳು ಓಡಿ, ಆಮೇಲೆ ಆಟ ಬರುತ್ತಿತ್ತು.

ಲಿಂಗಸುಗೂರಿಗೆ ಕೊಟ್ಟಿದ್ದ ಅಕ್ಕ ಪಂಚಮಿಗೆ ತವರಿಗೆ ಬಂದರೆ ಜೋಕಾಲಿ ಬಿಟ್ಟು ಇದರ ಮುಂದೆ ಕೂರುತ್ತಿದ್ದಳು. ಪಾಳುಮನೆಯಲ್ಲಿ ಒಬ್ಬ ಕುಳ್ಳ ಜಿಗಿಯುತ್ತ ಕೀಲಿಕೈ ಹುಡುಕುವ ಆಟ. ಒಮ್ಮೆ ನನ್ನ ಸರದಿ, ಒಮ್ಮೆ ಅವಳದು. ಅವಳ ಸರದಿ ಬಂತೆಂದರೆ ಕುಳ್ಳ ಮೊದಲು ನಿಂತಲ್ಲೇ ಕುಪ್ಪಳಿಸಬೇಕು.

"ತಡಿಯೋ, ಮೊದ್ಲ ಶರಣು ಮಾಡ್ಲಿ. ಶರಣು ಮಾಡ್ಲಾರ್ದ ಹೊಸ್ತಿಲಾ ದಾಟ್ತಾರೇನು?" ಎನ್ನುವಳು. ನನಗೆ ಸಿಟ್ಟು, ಅವಳಿಗೆ ನಗು.

ಆ ಕ್ಯಾಸೆಟ್ಟು ಹಾಳಾದದ್ದು ಅವ್ವನಿಂದ. ಟೇಪಿಗೆ ಹಾಕಿದರೆ ಬರೀ ಕೀಚಲು ಸದ್ದು ಬಂತಂತೆ. ಆಟದ ಕ್ಯಾಸೆಟ್ಟಿನ ಸದ್ದೇ ಅಂಥದ್ದು, ಅವ್ವನಿಗೇನು ಗೊತ್ತು. "ಕೆಟ್ಟೈತಿ ಬಿಡು" ಎಂದವಳೇ ಅದರ ಮೇಲೆ ಅಕ್ಕನಿಂದ ಪಂಚಮಿ ಪದ ಹಾಡಿಸಿ ತುಂಬಿಸಿಬಿಟ್ಟಳು. ಇಬ್ಬರೊಂದಿಗೂ ಮಾತು ಬಿಟ್ಟಿದ್ದೆ. ಮುಂದಿನ ಪಂಚಮಿಯೊಳಗೆ ಅಕ್ಕ ಕಾಮಾಲೆಯಲ್ಲಿ ಹೋದಳು. ನಮಗುಳಿದ ಅವಳ ದನಿ ಅದೊಂದೇ.

ಅವಳಿಲ್ಲದ ಮೊದಲ ಪಂಚಮಿಯ ಮಧ್ಯಾಹ್ನ. ಬೇಸರ ಕಳೆಯಲು ಬೇರೊಂದು ಆಟ ಹಚ್ಚಿದೆ, ಅದು ಬರಲಿಲ್ಲ. ಅಡುಗೆಮನೆಯಲ್ಲಿ ಉಂಡಿ ಕಟ್ಟುತ್ತಿದ್ದ ಅವ್ವ, "ಅಕಿ ಪದಾನರ ಹಚ್ಚೋ, ಮನಿ ಬಣಬಣ ಅನ್ನಾಕತ್ತೈತಿ" ಎಂದಳು. ಅಕ್ಕನ ಕ್ಯಾಸೆಟ್ಟು ಹಾಕಿದೆ. ಕಂಪ್ಯೂಟರಿನ ವೈರು ಕೀಳುವುದನ್ನು ಮರೆತಿದ್ದೆ, ಹಾಡು ಹೊರಗೆ ಕೇಳಲಿಲ್ಲ. ಟಿವಿಯ ಅಂಚಿನಲ್ಲಿ ಪಟ್ಟಿಗಳು ಓಡತೊಡಗಿದವು.

ಅಳಿಸಿಹೋಗಿದ್ದ ಅದೇ ಆಟ ಬಂತು! ಅದೇ ಪಾಳುಮನೆ, ಅದೇ ಕುಳ್ಳ. ಆಡಿದೆ, ಬೇಗ ಸೋತೆ. ಎರಡನೆಯವರ ಸರದಿ ಎಂದು ಪರದೆ ತೋರಿಸಿತು. ಗುಂಡಿಗಳಿಂದ ಕೈ ತೆಗೆದು ಹಿಂದೆ ಸರಿದು ಕೂತೆ. ಕುಳ್ಳ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದ. ಆಮೇಲೆ ನಿಂತಲ್ಲೇ ಕುಪ್ಪಳಿಸಿದ.

"ಅವ್ವಾ, ಲಗೂನ ಬಾ ಇಲ್ಲಿ!" ಎಂದು ಕೂಗಿದೆ. ಅವ್ವ ಬೆಲ್ಲ ಮೆತ್ತಿದ ಕೈಯಲ್ಲೇ ಬರುವಷ್ಟರಲ್ಲಿ ಕರೆಂಟು ಹೋಯಿತು. ಹಾಳಾದ ಕರೆಂಟು!

ಮತ್ತೆ ಎಷ್ಟು ಸಲ ಹಚ್ಚಿದರೂ ಆಟ ಬರಲಿಲ್ಲ. ವೈರು ಕಿತ್ತು ಕೇಳಿದರೆ ಕ್ಯಾಸೆಟ್ಟಿನ ಉದ್ದಕ್ಕೂ ಅಕ್ಕನ ಪದವೇ. ಹಳೆಯದು ಎಲ್ಲೋ ಚೂರು ಉಳಿದಿರಬೇಕು, ರಬ್ಬರಿನ ಗುಂಡಿ ಅಂಟಿಕೊಂಡಿರಬೇಕು ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ನನಗೆ ಸಮಾಧಾನವಿಲ್ಲ.

ಆ ಕಂಪ್ಯೂಟರು ಆಮೇಲೆ ಕೆಟ್ಟಿತು. ಈಗ ಸಿಂಧನೂರಿನ ನನ್ನ ಮನೆಯ ಕಪಾಟಿನ ತುಂಬ ಅದೇ ಜಾತಿಯ ಇಂಗ್ಲೆಂಡಿನ ಹಳೆಯ ಕಂಪ್ಯೂಟರುಗಳಿವೆ. ಹೈದರಾಬಾದಿನ ಗುಜರಿಯಲ್ಲಿ ಸಿಕ್ಕವು, ಯಾರದೋ ಅಟ್ಟದಿಂದ ಬೇಡಿ ತಂದವು. ಜನ ಹುಚ್ಚು ಎನ್ನುತ್ತಾರೆ, ಮರ್ಯಾದಸ್ಥರು ಹವ್ಯಾಸ ಎನ್ನುತ್ತಾರೆ. ಪ್ರತಿ ಪಂಚಮಿಗೂ ಒಂದೊಂದನ್ನೇ ಟಿವಿಗೆ ಹಚ್ಚಿ ಅಕ್ಕನ ಪದ ಓಡಿಸುತ್ತೇನೆ. ಪರದೆ ಖಾಲಿಯೇ. ಆದರೂ ಗುಂಡಿಗಳ ಮೇಲೆ ಕೈ ಇಡುವುದಿಲ್ಲ. ಅವಳ ಸರದಿ ಇನ್ನೂ ಮುಗಿದಿಲ್ಲ.