ಲೀಟರಿಗೆ ಹದಿನಾರು

ನಮ್ಮ ತೋಟದ ಡ್ರೈವರಣ್ಣ ಮೈಲೇಜಿನ ವಿಷಯದಲ್ಲಿ ಯಾರ ಮಾತನ್ನೂ ನಂಬುತ್ತಿರಲಿಲ್ಲ. ಡೀಸೆಲ್ ಮುಚ್ಚಳವನ್ನು ಬೆರಳಿನಿಂದ ತಟ್ಟಿ, “ಟ್ಯಾಂಕ್ ಹೇಳ್ಲಿ” ಎನ್ನುತ್ತಿದ್ದರು.

ಅಪ್ಪ ಹೊಸ ಪಿಕಪ್ ಹುಡುಕುತ್ತಿದ್ದಾಗ, ಒಂದು ಬೆಳಿಗ್ಗೆ ಶೋರೂಮಿನವನು ಟ್ರಯಲ್ ಗಾಡಿ ತಂದು, “ಲೀಟರಿಗೆ ಹದಿನಾರು ಗ್ಯಾರಂಟಿ ಸಾರ್” ಎಂದ. ಡ್ರೈವರಣ್ಣ ಹದಿನೈದು ಮೂಟೆ ಕಾಫಿ ಹೇರಿಸಿ, ಗೋಣಿಕೊಪ್ಪಲಿನ ಬಂಕಿನಲ್ಲಿ ಟ್ಯಾಂಕ್ ತುಳುಕುವಷ್ಟು ತುಂಬಿಸಿದರು. ಅವನನ್ನೂ ಅಪ್ಪನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ತೋಟದ ಏರುದಾರಿಗಳಲ್ಲಿ ನೂರಹತ್ತು ಕಿಲೋಮೀಟರ್ ಓಡಿಸಿ ಅದೇ ಬಂಕಿಗೆ ಮರಳಿದರು. ಟ್ಯಾಂಕ್ ಮತ್ತೆ ತುಳುಕಲು ಹತ್ತು ಲೀಟರ್ ಬೇಕಾಯಿತು.

“ಹನ್ನೊಂದು,” ಎಂದು ಅಪ್ಪನತ್ತ ತಿರುಗಿದರು. “ಇಷ್ಟು ಲೋಡಿಗೆ, ಈ ಏರಿಗೆ ಒಳ್ಳೇ ಗಾಡಿ. ತಗೊಳ್ಳಿ ಸಾರ್.”

ಆಮೇಲೆ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ ಶೋರೂಮಿನವನ ಬೆನ್ನು ತಟ್ಟಿದರು: “ಹನ್ನೊಂದು ಅಂದಿದ್ರೆ ಬೆಳಿಗ್ಗೆನೇ ನಂಬ್ತಿದ್ದೆನಲ್ಲ ಮಾರಾಯ!”