ತಟ್ಟೆ ಅಕ್ಕನ ಮನೆಯ ಮದುವೆ

ನನ್ನ ಓರಗಿತ್ತಿಗೆ ಹೆತ್ತವರು ಇಟ್ಟ ಹೆಸರೊಂದಿದೆ, ಆದರೆ ಆ ಹೆಸರಿಂದ ಕರೆಯುವವರಿಲ್ಲ. ಬೀದಿಗೆಲ್ಲ ಅವಳು ತಟ್ಟೆ ಅಕ್ಕ. ನಮ್ಮ ಮನೆಯ ಕೆಳಗೇ ಅವಳ ಪಾತ್ರೆ ಬಾಡಿಗೆ ಅಂಗಡಿ. ಗೋಡೆಯುದ್ದಕ್ಕೂ ಸ್ಟೀಲ್ ತಟ್ಟೆಗಳ ಕಂಬಗಳು, ಲೋಟಗಳ ಗೋಪುರಗಳು, ಮೂಲೆಯಲ್ಲಿ ನಾನು ಕೂತು ಸ್ನಾನ ಮಾಡಬಹುದಾದಷ್ಟು ದೊಡ್ಡ ಹಂಡೆ. ಮಹಡಿಯಲ್ಲಿರುವ ನನಗೆ ಅಲಾರಾಂ ಬೇಕಿಲ್ಲ. ಬೆಳಿಗ್ಗೆ ಅವಳು ತಟ್ಟೆ ಜೋಡಿಸುವ ಸದ್ದಿಗೆ ಸತ್ತವರೂ ಎದ್ದು ಕೂರಬೇಕು.

ಅಕ್ಕನ ಸಿದ್ಧಾಂತ ಒಂದೇ: ಉಂಡ ತಟ್ಟೆಯನ್ನು ತೊಳೆದಿಡಬೇಕು, ಬಿಸಾಡಬಾರದು. ತೊಳೆಯುವುದಕ್ಕೂ ಅವಳದೊಂದು ಕ್ರಮವಿದೆ. ನಲ್ಲಿ ಬಿಟ್ಟುಕೊಂಡು ತೊಳೆದರೆ ಬೈಗುಳ ಖಂಡಿತ. ಸಾಲಾಗಿ ಮೂರು ಟಬ್ಬು: ಒಂದರಲ್ಲಿ ನೆನೆಸು, ಒಂದರಲ್ಲಿ ಉಜ್ಜು, ಒಂದರಲ್ಲಿ ಅದ್ದಿ ತೆಗೆ. ಅದ್ದಿ ಅದ್ದಿ ಕದಡಿದ ನೀರು ನೆನೆಸುವುದಕ್ಕೆ, ನೆನೆಸಿದ ನೀರು ಹಿತ್ತಲ ಪಪ್ಪಾಯಿ ಗಿಡಕ್ಕೆ. ಎಂಜಲು ಪಕ್ಕದ ಮನೆಯ ಕೋಳಿಗಳಿಗೆ. ಆ ಕೋಳಿಗಳು ಎಷ್ಟು ಕೊಬ್ಬಿವೆಯೆಂದರೆ ಬೀದಿಯಲ್ಲಿ ಯಾರಿಗೂ ದಾರಿ ಬಿಡುವುದಿಲ್ಲ. ತಟ್ಟೆ ಕೇಳಿಕೊಂಡು ಬಂದವರಿಗೆ ಅಕ್ಕ ಇಲ್ಲ ಅಂದದ್ದನ್ನು ನಾನಂತೂ ಕೇಳಿಲ್ಲ. ಇಲ್ಲ ಅಂದರೆ ಅವರು ಸೀದಾ ಪೇಪರ್ ತಟ್ಟೆ ಕೊಳ್ಳಲು ಹೋಗುತ್ತಾರೆಂಬ ಭಯ ಅವಳಿಗೆ.

ಆದರೂ ಜನ ಹೋಗುತ್ತಿದ್ದರು. ವರ್ಷದಿಂದ ವರ್ಷಕ್ಕೆ ಅಂಗಡಿ ಸೊರಗುತ್ತಿತ್ತು. ಮಗಳಿಗೋ 'ಪಾತ್ರೆ ಬಾಡಿಗೆಯವಳ ಮಗಳು' ಅನ್ನಿಸಿಕೊಳ್ಳಲು ನಾಚಿಕೆ. ಭಾವನನ್ನು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ಇದ್ರೂ ಸರಿ, ಮುಚ್ಚಿದ್ರೂ ಸರಿ" ಅನ್ನುತ್ತಿದ್ದರು.

ಇಂಥದ್ದರಲ್ಲಿ ಮಗಳು ಮೆಚ್ಚಿದ ಹುಡುಗನ ಅಪ್ಪ ಯಾರು ಅಂತೀರಿ? ಬಳಸಿ ಬಿಸಾಡುವ ತಟ್ಟೆ ಲೋಟಗಳ ಸಗಟು ವ್ಯಾಪಾರಿ! ಸುದ್ದಿ ಕೇಳಿ ನಾನು ನಕ್ಕೂ ನಕ್ಕೂ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಬೀಗರು ಒಳ್ಳೆಯವರೇ, ಬಾಯಿ ಮಾತ್ರ ದೊಡ್ಡದು. ಮಾತುಕತೆಗೆ ಬಂದ ದಿನವೇ ಅಂಗಡಿಯೊಳಗೆ ಒಂದು ಸುತ್ತು ಹಾಕಿ, "ನಮ್ಮ ಗೋಡೌನಿಗೆ ಹೇಳಿ ಮಾಡಿಸಿದ ಹಾಗಿದೆ. ಇನ್ನೂ ಎಷ್ಟು ದಿನ ಅಂತ ಊರೋರ ಎಂಜಲು ತೊಳೀತೀರಿ? ಮದುವೆಗೆ ತಟ್ಟೆ ನಂದು, ಪೂರ್ತಿ ಬಿಟ್ಟಿ" ಎಂದರು.

ಅಕ್ಕನ ಮುಖ ಕೆಂಪಗಾಯಿತು. "ನನ್ನ ಮಗಳ ಮದುವೇಲಿ ಬಿಸಾಡೋ ತಟ್ಟೆ ಒಂದೇ ಒಂದು ಹಾಕಿದ್ರೂ ಅಂಗಡಿ ನಿಮ್ಮ ಗೋಡೌನಿಗೆ ಬಿಟ್ಕೊಡ್ತೀನಿ. ಹಾಕ್ಲಿಲ್ಲ ಅಂದ್ರೆ ಈ ಅಂಗಡಿ ಸುದ್ದಿಗೆ ನೀವು ಬರಬಾರದು."

"ಆಯ್ತಮ್ಮಾ, ಆಯ್ತು" ಎಂದು ಬೀಗರು ಆಗಲೇ ಗೆದ್ದವರ ಹಾಗೆ ನಕ್ಕರು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಮದುವೆಯ ಬೆಳಿಗ್ಗೆ ಮನೆ ಸಂತೆಯಾಗಿತ್ತು. ಅಕ್ಕ ಹೊಸ ರೇಷ್ಮೆ ಉಟ್ಟು, ಒಂದು ಕಿವಿಗೆ ಓಲೆ ಹಾಕಿಕೊಂಡು, ಇನ್ನೊಂದನ್ನು ಹುಡುಕುತ್ತಿದ್ದಳು. ಕೆಳಗೆ ವ್ಯಾನೊಂದು ಹಾರ್ನ್ ಹೊಡೆಯಿತು.

"ಅಕ್ಕಾ, ಸ್ಕೂಲಿಂದ ಬಂದಿದೀವಿ. ವಾರ್ಷಿಕೋತ್ಸವದ ಊಟಕ್ಕೆ ತಟ್ಟೆ ಹೇಳಿದ್ವಲ್ಲ!"

ಹೇಳಿದ್ದು ನಿಜ, ಮದುವೆಯ ದಿನ ಗೊತ್ತಾಗುವುದಕ್ಕೆ ಎಷ್ಟೋ ಮುಂಚೆ. ಅಕ್ಕ ಓಲೆ ಮರೆತಳು, ಮದುವೆಯನ್ನೂ ಮರೆತಳು. ಇದ್ದಬದ್ದ ತಟ್ಟೆಗಳನ್ನೆಲ್ಲ ತಾನೇ ಎತ್ತಿ ಎತ್ತಿ ಕೊಟ್ಟಳು, "ನೆಲದ ಮೇಲೆ ಎಳೀಬೇಡಿ, ಗೀರು ಬೀಳತ್ತೆ" ಎಂದು ಬುದ್ಧಿ ಹೇಳಿದಳು, ಹೊರಟ ವ್ಯಾನಿಗೆ ಕೈ ಬೀಸಿದಳು. ಜೀವಮಾನವೆಲ್ಲ ಬೇರೆಯವರ ಮದುವೆಗೆ ತಟ್ಟೆ ಕಳಿಸಿದವಳು. ಇವತ್ತಿನ ಗಿರಾಕಿ ತಾನೇ ಅನ್ನುವುದು ಅವಳಿಗೆ ಹೊಳೆಯಲೇ ಇಲ್ಲ.

ಬೋಳುಗೋಡೆ ನೋಡಿ ನಾನು ಕೇಳಿದೆ: "ಅಕ್ಕಾ, ನಮ್ಮ ಊಟಕ್ಕೆ?"

ಅವಳು ಗೋಡೆ ನೋಡಿದಳು, ನನ್ನನ್ನು ನೋಡಿದಳು, ಖಾಲಿ ಹಂಡೆಯ ಮೇಲೆ ಕುಸಿದಳು. ಹಂಡೆ ಢಣಾರೆಂದು ಉರುಳಿತು, ಅಕ್ಕನೂ ಉರುಳಿದಳು. ಎಬ್ಬಿಸಿ ಸ್ಕೂಲಿಗೆ ಫೋನ್ ಹಚ್ಚಿಕೊಟ್ಟೆ.

"ಅಯ್ಯೋ ಪಾಪ, ವಾಪಸ್ ಕಳಿಸ್ತೀವಿ ಬಿಡಿ. ನಾವು ಪೇಪರ್ ತಟ್ಟೆ ತರಿಸ್ಕೋತೀವಿ" ಎಂದರು ಹೆಡ್‌ಮೇಡಂ.

"ಬೇಡ! ಅದೊಂದು ಮಾತ್ರ ಬೇಡ!" ಎಂದು ಅಕ್ಕ ಫೋನ್ ಕಟ್ ಮಾಡಿಯೇಬಿಟ್ಟಳು.

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. "ಈ ಹೊತ್ತಲ್ಲಿ ಅಷ್ಟೊಂದು ಬಾಳೆಎಲೆಯೂ ಸಿಗಲ್ಲ. ನಿನ್ನ ಅಂಗಡಿ ಹೋಗತ್ತಲ್ಲೇ ಅಕ್ಕಾ!"

"ಹೋಗ್ಲಿ ಬಿಡು" ಎಂದವಳು ಗಳಗಳ ಅತ್ತಳು. ಅರ್ಧ ಮೇಕಪ್ಪಿನಲ್ಲಿ ಕೆಳಗೆ ಓಡಿಬಂದ ಮದುಮಗಳು ಅಮ್ಮ ಅಳುವುದನ್ನು ನೋಡಿದ್ದು ಅದೇ ಮೊದಲು. ಏನಾಯಿತೆಂದು ಕೇಳಿಕೊಂಡು, ಅಮ್ಮನ ಕೈಯಿಂದ ಫೋನ್ ಕಿತ್ತುಕೊಂಡಳು. ಬರುವ ನೆಂಟರಿಗೆಲ್ಲ ಮೆಸೇಜ್ ಹೋಯಿತು: 'ಊಟಕ್ಕೆ ಬರುವವರು ದಯವಿಟ್ಟು ತಟ್ಟೆ ತನ್ನಿ. ಉಡುಗೊರೆ ಮರೆತರೂ ಪರವಾಗಿಲ್ಲ.' ಸಾಲದೆಂದು ಕಿಟಕಿಯಿಂದ ಬಗ್ಗಿ ಬೀದಿಗೆಲ್ಲ ಕೇಳುವಂತೆ ಅದನ್ನೇ ಕೂಗಿದಳು.

"ಮಾನ ಹೋಗತ್ತೆ ಕಣೇ" ಎಂದೆ.

"ಪಾತ್ರೆ ಬಾಡಿಗೆಯವಳ ಮಗಳು ಚಿಕ್ಕಮ್ಮಾ ನಾನು. ತಟ್ಟೆ ಕೇಳೋಕೆ ನನಗ್ಯಾಕೆ ನಾಚಿಕೆ?"

ಆಮೇಲೆ ಆದದ್ದನ್ನು ನೆನೆದರೆ ಈಗಲೂ ಪಕ್ಕೆ ನೋಯುವಷ್ಟು ನಗು. ಜನ ಘಮಘಮ ಸೆಂಟು ಹಾಕಿಕೊಂಡು, ಕಂಕುಳಲ್ಲಿ ತಟ್ಟೆ ಇಟ್ಟುಕೊಂಡು ಬಂದರು. ನಿವೃತ್ತ ಪೋಸ್ಟ್‌ಮ್ಯಾನ್ ಅಂಚು ಸಿಡಿದ ಪಿಂಗಾಣಿ ತಟ್ಟೆ ತಂದರು. ಎದುರುಮನೆ ಅಜ್ಜಿ ಬೆಳ್ಳಿ ತಟ್ಟೆ ತಂದು, ಕಳ್ಳರಿದ್ದಾರೆಂದು ಅದರ ಮೇಲೇ ಕೂತರು. ಬಡಿಸುವಾಗ ಎಬ್ಬಿಸುವುದೇ ಕಷ್ಟವಾಯಿತು. ಜಿಮ್ ಮೇಷ್ಟ್ರು ಹಿಟ್ಟು ಕಲಸುವ ಪರಾತವನ್ನೇ ಹೊತ್ತು ತಂದು, "ತಟ್ಟೆ ತನ್ನಿ ಅಂದ್ರಿ, ಅಳತೆ ಹೇಳ್ಲಿಲ್ಲ" ಎಂದರು. ಬ್ಯಾಂಡಿನವನು ತನ್ನ ದೊಡ್ಡ ಕಂಚಿನ ತಾಳವನ್ನೇ ತೊಳೆದು ಅಂಗಾತ ಹಿಡಿದು ಕೂತ. ಅದರ ನಡುವೆ ದಾರ ಪೋಣಿಸುವ ತೂತು ಇರುವುದು ಅವನಿಗೆ ನೆನಪಾದದ್ದು ಸಾರು ಪ್ಯಾಂಟಿಗೆ ಇಳಿದ ಮೇಲೆ. ಸಾಲಿನಲ್ಲಿ ಒಬ್ಬರ ತಟ್ಟೆಯನ್ನೊಬ್ಬರು ನೋಡಿ ನಕ್ಕು, ಹೆಸರು ಗೊತ್ತಿಲ್ಲದವರೂ ನೆಂಟರಾದರು.

ಬೀಗರು ಮಾತ್ರ ಕಾರಿನ ತುಂಬ ರಟ್ಟಿನ ಡಬ್ಬ ಹೇರಿಕೊಂಡು ಬಂದಿದ್ದರು. "ನನಗೆ ಗೊತ್ತಿತ್ತು!" ಎನ್ನುತ್ತಾ ಊಟದ ಚಪ್ಪರದ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಪೇಪರ್ ತಟ್ಟೆ ಚಾಚಿದರು. ಒಬ್ಬೊಬ್ಬರೂ ತಮ್ಮದನ್ನು ಎತ್ತಿ ತೋರಿಸಿ ಒಳಗೆ ನಡೆದರು. ಅವರ ಮಗನೇ ಕೋಟಿನೊಳಗಿಂದ ಬಾಣಲೆ ಮುಚ್ಚಳ ತೆಗೆದು, "ಸಾರಿ ಅಪ್ಪಾ" ಎಂದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತೆ ಬೀಗರು ಸ್ವಲ್ಪ ಹೊತ್ತು ಡಬ್ಬದ ಮೇಲೆ ಕೂತರು. ಆದರೆ ಹಸಿವು ಕೇಳಬೇಕಲ್ಲ. ಪೋಸ್ಟ್‌ಮ್ಯಾನ್ ಉಂಡು ತೊಳೆದುಕೊಟ್ಟ ಪಿಂಗಾಣಿ ತಟ್ಟೆಯಲ್ಲಿ, ತಲೆ ತಗ್ಗಿಸಿಕೊಂಡು, ಮೂರು ಸಲ ಅನ್ನ ಹಾಕಿಸಿಕೊಂಡು ಉಂಡರು.

ಕೊನೆಯ ಪಂಕ್ತಿ ಎದ್ದಾಗ ಡಬ್ಬ ತುಂಬಿದ ಹಾಗೇ ಇತ್ತು. ಅಕ್ಕ ರೇಷ್ಮೆಯನ್ನು ಮೊಣಕಾಲಿಗೆ ಸಿಕ್ಕಿಸಿಕೊಂಡು ಹಿತ್ತಲಲ್ಲಿ ಅಡುಗೆ ಪಾತ್ರೆ ಉಜ್ಜುತ್ತಿದ್ದಳು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಬಡಿಸೋಣವೆಂದರೆ ತಟ್ಟೆ ಇಲ್ಲ, ಎಲ್ಲರೂ ತಂತಮ್ಮದನ್ನು ಕಟ್ಟಿಕೊಂಡಾಗಿತ್ತು. ತಟ್ಟೆ ಅಕ್ಕನಿಗೇ ತಟ್ಟೆಯಿಲ್ಲ!

ಅಷ್ಟರಲ್ಲಿ ಬೀಗರು ಹಿತ್ತಲಿಗೆ ಬಂದರು. ವಾಚು ಬಿಚ್ಚಿ ಕಿಸೆಗೆ ಹಾಕಿಕೊಂಡು, ಟಬ್ಬಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ತಾವುಂಡ ತಟ್ಟೆಯನ್ನು ನೆನೆಸಿ, ಉಜ್ಜಿ, ಅದ್ದಿ, ಎರಡೂ ಕೈಯಲ್ಲಿ ಅಕ್ಕನ ಮುಂದೆ ಹಿಡಿದರು.

"ಅಂಗಡಿ ಸುದ್ದಿಗೆ ನಾನಿನ್ನು ಬರಲ್ಲ. ಊಟ ಮಾಡಿ ಅಕ್ಕಾ."

ಅಕ್ಕ ತಟ್ಟೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದಳು.

"ಹಿಂದುಗಡೆ ಜಿಡ್ಡು ಹಾಗೇ ಇದೆ ಬೀಗರೇ. ಇನ್ನೊಂದು ಸಲ."

ಬೀಗರು ಮತ್ತೆ ಟಬ್ಬಿನ ಮುಂದೆ ಕೂತರು. ಅಕ್ಕ ನನ್ನ ಕಿವಿಯ ಹತ್ತಿರ ಬಗ್ಗಿದಳು. ಅವಳ ಕಣ್ಣು ತುಂಬಿತ್ತು, ಮುಖದಲ್ಲಿ ನಗು ಹಿಡಿಸುತ್ತಿರಲಿಲ್ಲ.

"ಕಲೀಲಿ ಬಿಡೇ" ಎಂದಳು. "ನಾಳೆಯಿಂದ ಆ ಮನೇಲಿ ನನ್ನ ಮಗಳೊಬ್ಬಳೇ ತಟ್ಟೆ ತೊಳೆಯೋದು ತಪ್ಪತ್ತೆ."